ಮೂವತ್ತೆರಡು ವರ್ಷದ ಧೂಳು

ಕೂಸಪ್ಪನ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಬಕೆಟ್ ನೀರು. ನೀರಿನದ್ದೇನೂ ತಪ್ಪಿಲ್ಲ, ಅದು ಪಾಪ ತನ್ನಷ್ಟಕ್ಕೆ ಪೈಪಿನೊಳಗೆ ಇತ್ತು. ಶುಕ್ರವಾರ, ರಜೆಯ ದಿನ, ಬೆಳಿಗ್ಗೆ ಆರೂವರೆಗೆ, ಹೊದ್ದು ಮಲಗಬೇಕಾದ ಮನುಷ್ಯ ತಾನಾಗಿ ಎದ್ದು ಹೋಗಿ ನಲ್ಲಿ ತಿರುಗಿಸಿದ. ಕೆಲವರಿಗೆ ಒಳ್ಳೆಯ ಬುದ್ಧಿ ಬೆಳಿಗ್ಗೆ ಬೆಳಿಗ್ಗೆಯೇ ಬರುತ್ತದೆ. ಅಂಥವರ ಮನೆಯವರು ಜಾಗ್ರತೆಯಲ್ಲಿರಬೇಕು.

ಕೂಸಪ್ಪ ವಿಟ್ಲದ ಕಡೆಯವನು. ಸೌದಿಯ ಅಲ್ ಖರ್ಜ್ ಪೇಟೆಯಿಂದ ಆಚೆ ಇರುವ ಒಂದು ಡೇರಿ ಫಾರ್ಮಿನ ವರ್ಕ್‌ಶಾಪಿನಲ್ಲಿ ಹದಿನಾರು ವರ್ಷದಿಂದ ಸ್ಟೋರ್ ಕೀಪರ್. ಆ ದುಡಿಮೆಯಲ್ಲಿ ಊರಲ್ಲೊಂದು ಮನೆ ಎದ್ದಿತ್ತು. ಆದರೆ ಆ ಮನೆಯನ್ನು ಅವನು ವಾಟ್ಸಾಪಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಹೆಂಡತಿ ಪುಷ್ಪಾವತಿ ಫೋನು ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆದಳೆಂದರೆ ಇಲ್ಲಿ ಇವನಿಗೆ ತಲೆ ತಿರುಗುತ್ತಿತ್ತು. ಅಡುಗೆಮನೆ ಬಲಕ್ಕೋ ಎಡಕ್ಕೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಗೃಹಪ್ರವೇಶ ಎರಡು ಸಲ ಮುಂದೆ ಹೋಗಿತ್ತು, ಎರಡು ಸಲವೂ ಇವನಿಗೆ ರಜೆ ಸಿಗದೆ. ಈಗ ಬರುವ ಸೋಮವಾರಕ್ಕೆ ಮುಹೂರ್ತ ಇಟ್ಟಿತ್ತು.

"ಈ ಸಲ ನೀವು ಬರದಿದ್ರೆ ನಾನೊಬ್ಳೇ ಹಾಲು ಉಕ್ಕಿಸ್ತೇನೆ" ಎಂದು ಪುಷ್ಪಾವತಿ ಖಡಾಖಂಡಿತ ಹೇಳಿದ್ದಳು. "ಮತ್ತೆ ನೀವು ಯಾವಾಗ ಬಂದ್ರೂ ನೆಂಟರ ಹಾಗೆ ಬೆಲ್ ಒತ್ತಿ ಒಳಗೆ ಬನ್ನಿ."

ಟಿಕೆಟ್ ಶನಿವಾರ ಬೆಳಿಗ್ಗೆಯದ್ದು. ಪೆಟ್ಟಿಗೆ ಕಟ್ಟಿ, ಹಗ್ಗ ಬಿಗಿದು, ನಾಲ್ಕೂ ಬದಿಗೆ ಹೆಸರು ಬರೆದು ಆಗಿತ್ತು. ಆಗದೆ ಉಳಿದದ್ದು ಒಂದೇ ಒಂದು, ಎಕ್ಸಿಟ್ ರೀ-ಎಂಟ್ರಿ, ಅಂದರೆ ಊರಿಗೆ ಹೋಗಿ ಮರಳಿ ಬರುವ ಪರವಾನಗಿ. ಅದಿಲ್ಲದೆ ವಿಮಾನ ಹತ್ತುವ ಹಾಗಿಲ್ಲ. ಈಗೆಲ್ಲ ಅದಕ್ಕೆ ಕಾಗದವೂ ಬೇಡ, ಸೀಲೂ ಬೇಡ. ಫಾರ್ಮಿನ ಮುದೀರ್ ಝುಹೈರ್, ಅಂದರೆ ಮ್ಯಾನೇಜರು, ತನ್ನ ಫೋನಿನಲ್ಲಿ ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಮುಗಿಯಿತು. ಹದಿನೈದು ದಿನದಿಂದ ಕೂಸಪ್ಪ ಆ ಹೆಬ್ಬೆರಳನ್ನೇ ನೋಡುತ್ತಿದ್ದ.

"ಇನ್‌ಶಾ ಅಲ್ಲಾಹ್, ಕೂಸಬ್ಬ" ಎಂದಿದ್ದ ಝುಹೈರ್. ಅರಬ್ಬಿಯಲ್ಲಿ ಪಕಾರ ಇಲ್ಲದ ಕಾರಣ ಕೂಸಪ್ಪ ಅಲ್ಲಿ ಕೂಸಬ್ಬ. "ಶುಕ್ರವಾರ ಶೋ ಮುಗಿಯಲಿ. ಅಲ್ಲೇ ನಿಂತು ಒತ್ತುತ್ತೇನೆ."

ಶೋ ಎಂದರೆ ಹಳೇ ಜೀಪುಗಳ ಶೋ. ಝುಹೈರ್‌ಗೆ ಅದೊಂದು ಹುಚ್ಚು. ವಯಸ್ಸು ಮೂವತ್ತೈದು, ಓದಿದವನು, ಒಳ್ಳೆಯವನು, ಕೆಲಸದವರ ಮೇಲೆ ಒಂದು ದಿನ ದನಿ ಎತ್ತಿದವನಲ್ಲ. ಆದರೆ ಮರುಭೂಮಿಯಲ್ಲಿ ಓಡಿದ ಯಾವುದಾದರೂ ಮುದಿ ಗಾಡಿ ಕಣ್ಣಿಗೆ ಬಿದ್ದರೆ ಅವನಿಗೆ ಹಸಿವು ನೀರಡಿಕೆ ಇಲ್ಲ. ಅಂಥ ಹನ್ನೊಂದು ಗಾಡಿ ಕೂಡಿಹಾಕಿದ್ದ. ಅತಿಥಿಗಳು ಕೂರುವ ಮಜ್ಲಿಸಿನ ಗೋಡೆ ತುಂಬ ತುಕ್ಕು ಹಿಡಿದ ನಂಬರ್ ಪ್ಲೇಟು, ಚಕ್ರದ ತಟ್ಟೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಗಳಿಗೆ ಗಾಜು ಹಾಕಿಸಿ ನೇತುಹಾಕಿದ್ದ. ಗುಜರಿಗೆಂದು ಕೂಸಪ್ಪ ತೆಗೆದಿಟ್ಟಿದ್ದ ಒಂದು ಮುರುಕು ಹಾರನ್ನನ್ನು ಒಮ್ಮೆ ಎತ್ತಿಕೊಂಡು ಮುತ್ತು ಕೊಟ್ಟಿದ್ದ. ಆವತ್ತಿನಿಂದ ಕೂಸಪ್ಪ ಈ ವಿಷಯದಲ್ಲಿ ಬಾಯಿ ಹಾಕುವುದು ಬಿಟ್ಟಿದ್ದ.

ಈ ಸಲ ಶೋಗೆ ಹೋಗುವುದು ಝುಹೈರ್‌ನ ಅಜ್ಜನ ಜೀಪು. ಖರ್ಜೂರದ ತೋಟದ ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ನಿಂತಿದ್ದ ಗಾಡಿ. ಬುಧವಾರ ಮುಚ್ಚಿದ ಲಾರಿಯಲ್ಲಿ ತಂದು ವರ್ಕ್‌ಶಾಪಿನೊಳಗೆ ನಿಲ್ಲಿಸಿ, ಕೀ ಕೂಸಪ್ಪನ ಕೈಗೆ ಕೊಟ್ಟು, ಝುಹೈರ್ ರಿಯಾದ್‌ಗೆ ಹೊರಟಿದ್ದ. "ಶುಕ್ರವಾರ ಮೂರು ಗಂಟೆಗೆ ಲಾರಿ ಬರುತ್ತದೆ. ಹತ್ತಿಸಿ ಮೈದಾನಕ್ಕೆ ತಾ. ಹೇಗಿದೆಯೋ ಹಾಗೇ ಬರಲಿ. ನೀನು ಏನೂ ಮಾಡಬೇಡ" ಎಂದೂ ಹೇಳಿದ್ದ.

ಇಲ್ಲಿಯೇ ನೋಡಿ ಎಡವಟ್ಟಾದದ್ದು. ನಮ್ಮ ಕರಾವಳಿಯವರಿಗೆ "ಏನೂ ಮಾಡಬೇಡಿ" ಎಂದರೆ ಅದು ಉಪಚಾರದ ಮಾತು. "ಬರುವಾಗ ಏನೂ ತರಬೇಡಿ" ಎಂದವರ ಮನೆಗೆ ಬರಿಗೈಯಲ್ಲಿ ಹೋದವನನ್ನು ಅವರು ಏಳು ವರ್ಷ ಆಡಿಕೊಳ್ಳುತ್ತಾರೆ. ಎಲೆಗೆ ಕೈ ಅಡ್ಡ ಹಿಡಿದು "ಬೇಡ, ಬೇಡ" ಎನ್ನುವವನ ಬೆರಳಿನ ಸಂದಿಯಲ್ಲೇ ನಾವು ಪಾಯಸ ಬಡಿಸುವವರು. ಮುದೀರ್ ಪಾಪ ಮರ್ಯಾದೆಗೆ ಹೇಳಿದ್ದಾನೆ, ನಾಳೆ ಊರಿಗೆ ಹೋಗುವವನಿಗೆ ಕೆಲಸ ಯಾಕೆ ಅಂತ. ಹಾಗಂತ ಆ ಕೊಳಕು ಗಾಡಿಯನ್ನು ನೂರು ಜನರೆದುರು ನಿಲ್ಲಿಸಲಿಕ್ಕಾಗುತ್ತದಾ? ಹೀಗೆಂದು ಕೂಸಪ್ಪನಿಗೆ ರಾತ್ರಿಯೆಲ್ಲ ಮನಸ್ಸು ಚುಚ್ಚಿತು.

ತೊಳೆದ. ತೊಳೆದ ಎಂದರೆ ಅಂತಿಂಥ ತೊಳೆಯುವುದಲ್ಲ. ಪಾತ್ರೆ ಸೋಪು ಹಾಕಿ ಮೂರು ಸಲ, ಬರೀ ನೀರಲ್ಲಿ ಎರಡು ಸಲ. ಮಣ್ಣಿನ ಬಣ್ಣದ ಗಾಡಿ ಎಂದುಕೊಂಡಿದ್ದರೆ ಒಳಗಿಂದ ಆಕಾಶದ ಬಣ್ಣ ಬಂತು! ಆ ಖುಷಿಯಲ್ಲಿ ಪುಷ್ಪಾವತಿ ಕಳಿಸಿದ್ದ ತೆಂಗಿನೆಣ್ಣೆ ತಂದು ಬಾನೆಟ್ಟಿನ ಮೇಲೆ ಉಜ್ಜಿದ. ಗಾಡಿ ಎಣ್ಣೆಸ್ನಾನ ಮಾಡಿ ಕೂತ ಮದುಮಗನ ಹಾಗೆ ಹೊಳೆಯಿತು. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ಕೆಳಗೆ "ಕಾಯಕವೇ ಕೈಲಾಸ" ಎಂದು ಬರೆದ.

ಐದು ನಿಮಿಷವಾಗಿಲ್ಲ, ಅವನ ರೂಮ್‌ಮೇಟ್ ಅಖಿಲೇಶ್ ಲುಂಗಿಯಲ್ಲೇ ಓಡಿ ಬಂದ. ಕಾರ್ಕಳದ ಹುಡುಗ, ಫಾರ್ಮಿನ ಎಲೆಕ್ಟ್ರಿಷಿಯನ್, ಇಪ್ಪತ್ತೆಂಟು ವರ್ಷ, ಫೋನಿಲ್ಲದೆ ಉಸಿರಾಡದವನು.

"ಎಂತ ಮಾರಾಯ್ರೆ ಮಾಡಿದ್ದು ನೀವು!"

"ಚಂದ ಆಯ್ತಲ್ಲ?" ಎಂದ ಕೂಸಪ್ಪ, ಟವೆಲು ಹಿಂಡುತ್ತ.

"ಚಂದವಾ? ಸ್ಟೇಟಸ್ ತೆಗೀರಿ, ಮೊದ್ಲು ತೆಗೀರಿ! ಮುದೀರ್ ನೋಡಿದ್ರಾ?"

ನೋಡಿದವರು ಹದಿನಾಲ್ಕು ಜನ. ಝುಹೈರ್ ಹೆಸರಿರಲಿಲ್ಲ. ಅಖಿಲೇಶ್ ಅದನ್ನು ಅಳಿಸಿ, ತನ್ನ ಫೋನು ತೆಗೆದು ಝುಹೈರ್ ಹಾಕಿದ್ದ ಒಂದು ಪೋಸ್ಟ್ ತೋರಿಸಿದ. ಅದರಲ್ಲಿ ಇದೇ ಜೀಪು, ಮೈತುಂಬ ಧೂಳು. ಬಾನೆಟ್ಟಿನ ಮೇಲಿನ ಧೂಳಿನಲ್ಲಿ ಒಂದು ದೊಡ್ಡ ಅಂಗೈಯ ಗುರುತು, ಐದೂ ಬೆರಳು ಬಿಡಿಬಿಡಿಯಾಗಿ. ಕೆಳಗೆ ಅರಬ್ಬಿಯಲ್ಲಿ ಏನೋ ಬರೆದಿತ್ತು. ಅಖಿಲೇಶ್ ಫೋನಿನಿಂದಲೇ ಅದರ ಅರ್ಥ ತೆಗೆಸಿ ಓದಿದ.

"ಕೇಳಿ. ‘ಕಣ್ಣು ಮಂಜಾದ ಮೇಲೆ ಅಜ್ಜ ಜೀಪು ಓಡಿಸಲಿಲ್ಲ. ಆದರೆ ಪ್ರತಿ ಶುಕ್ರವಾರ ಬಂದು ಅದರ ಬೆನ್ನು ತಟ್ಟಿ ಹೋಗುತ್ತಿದ್ದ. ಇದು ಅವನು ಕೊನೆಯ ಸಲ ತಟ್ಟಿದ ಗುರುತು. ಅವನು ತೀರಿಕೊಂಡ ಮೇಲೆ ನಾಲ್ಕು ವರ್ಷ ನಾನು ಆ ಶೆಡ್ಡಿನ ಬಾಗಿಲು ತೆರೆದಿರಲಿಲ್ಲ. ನನ್ನ ಸಂಗ್ರಹದಲ್ಲಿ ಇದಕ್ಕಿಂತ ದೊಡ್ಡ ವಸ್ತು ಇಲ್ಲ.’ ನಲವತ್ತು ಸಾವಿರ ಜನ ಲೈಕ್ ಕೊಟ್ಟಿದ್ದಾರೆ ಕೂಸಪ್ಪಣ್ಣ."

ಕೂಸಪ್ಪ ಜೀಪನ್ನು ನೋಡಿದ. ಬಾನೆಟ್ಟಿನಲ್ಲಿ ತನ್ನದೇ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಯ್ಯೋ ದೇವರೇ" ಎಂದು ಅವನು ಮಗುಚಿಟ್ಟ ಬಕೆಟ್ಟಿನ ಮೇಲೆ ಕುಸಿದ. "ಲಾರಿಯವನ ಕೈ ಅಂತ ಉಜ್ಜಿ ಅಜ್ಜನನ್ನು ಚರಂಡಿಗೆ ಬಿಟ್ಟೆನಲ್ಲ ಮಾರಾಯ!"

ಅವನಿಗೆ ನಿಜವಾಗಿ ದುಃಖವಾಯಿತು. ಆಮೇಲೆ ಝುಹೈರ್‌ನ ಹೆಬ್ಬೆರಳು ನೆನಪಾಗಿ ಇನ್ನೂ ಹೆಚ್ಚು ದುಃಖವಾಯಿತು. ಅಜ್ಜನ ಗುರುತು ಅಳಿಸಿದವನಿಗೆ ಯಾವ ಮೊಮ್ಮಗ ರಜೆ ಕೊಡುತ್ತಾನೆ?

"ಬಿಡಿ, ಮಂಡೆಬಿಸಿ ಮಾಡ್ಬೇಡಿ" ಎಂದ ಅಖಿಲೇಶ್. "ಫೋಟೋ ಉಂಟಲ್ಲ? ಇದನ್ನು ನೋಡಿ ಇದ್ದ ಹಾಗೇ ಮಾಡುವ. ಧೂಳಿಗೆ ಸೌದಿಯಲ್ಲಿ ಬರಗಾಲವಾ?"

ಹೇಳುವುದು ಸುಲಭ. ಬೇಡದಿರುವಾಗ ಊಟದ ತಟ್ಟೆಯವರೆಗೂ ಬರುವ ಧೂಳು, ಬೇಕೆಂದಾಗ ಒಂದು ಚಿಟಿಕೆಯೂ ಸಿಗಲಿಲ್ಲ. ಹೊರಗೆ ಇದ್ದದ್ದು ಮರಳು. ಎರಚಿದರೆ ಉರುಳಿ ಬಿದ್ದಿತು. ಆಗ ಅಖಿಲೇಶ್ ಮೇವಿನ ಗೋದಾಮಿನಿಂದ ಒಂದು ಚೀಲ ಗೋಧಿ ಬೂಸಾದ ಪುಡಿ ತಂದು, ಎಸಿ ಸ್ವಚ್ಛ ಮಾಡುವ ಬ್ಲೋವರಿನಲ್ಲಿ ಊದಿದ. ತೆಂಗಿನೆಣ್ಣೆಯ ಮೇಲೆ ಬೂಸಾ ಚೆನ್ನಾಗಿಯೇ ಕೂತಿತು. ಬಣ್ಣವೂ ಹೊಂದಿತು. ಇಬ್ಬರೂ ಮುಸಿಮುಸಿ ನಗುತ್ತ ಚಾ ಕುಡಿಯಲು ಹೋದರು.

ಮರಳಿ ಬಂದು ನೋಡಿದರೆ ಪಕ್ಕದ ಔಷಧಿ ಕೊಟ್ಟಿಗೆಯಿಂದ ತಪ್ಪಿಸಿಕೊಂಡ ಒಂದು ಹಸು, ಕಿವಿಯಲ್ಲಿ 412 ಎಂಬ ಚೀಟಿ ತೂಗಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಬಾನೆಟ್ಟನ್ನು ನೆಕ್ಕುತ್ತಿತ್ತು. ಎಡಗಡೆ ಪೂರ್ತಿ ಮುಗಿಸಿ ಬಲಗಡೆಗೆ ತಿರುಗಿತ್ತು.

"ಹೇಯ್! ಹೋಗು, ಹೋಗಾಚೆ!" ಎಂದು ಕೂಸಪ್ಪ ಬೊಬ್ಬೆ ಹಾಕಿದ. ಅದು ಡೆನ್ಮಾರ್ಕ್ ಕಡೆಯ ತಳಿ, ಕನ್ನಡ ಅದಕ್ಕೆಲ್ಲಿಂದ ಬರಬೇಕು. ಅಖಿಲೇಶ್ "ಯಲ್ಲಾ, ಯಲ್ಲಾ" ಎಂದ ಮೇಲೆ ಹೊರಟಿತು, ಹೋಗುವಾಗ ಕನ್ನಡಿಯನ್ನೂ ಒಮ್ಮೆ ನೆಕ್ಕಿ ಹೋಯಿತು.

ಗಂಟೆ ಹತ್ತಾಗಿತ್ತು. ಇನ್ನು ತಮ್ಮಿಬ್ಬರ ಕೈಯಲ್ಲಿ ಆಗದೆಂದು ಕೂಸಪ್ಪ ನೂರುದ್ದೀನ್‌ಗೆ ಫೋನು ಮಾಡಿದ. ನೂರುದ್ದೀನ್ ಭಟ್ಕಳದವನು. ಅಪ್ಪನ ಕಾಲದಿಂದ ಅಲ್ ಖರ್ಜ್ ಪೇಟೆಯಲ್ಲಿ ಹಳೇ ಗಾಡಿಗಳ ಬಿಡಿಭಾಗದ ಅಂಗಡಿ. ಝುಹೈರ್‌ನ ಮಜ್ಲಿಸಿನಲ್ಲಿ ಗಾಜಿನೊಳಗೆ ನೇತಾಡುವ ಅರ್ಧಕ್ಕರ್ಧ ತುಕ್ಕು ಅವನೇ ಮಾರಿದ್ದು. ಬಂದವನು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸಾವಿನ ಮನೆಗೆ ಬಂದವರ ಹಾಗೆ ಕೂಸಪ್ಪನ ಭುಜ ಹಿಡಿದುಕೊಂಡ.

"ಅರೆ ಭಾಯಿ, ಎಂಥ ಮಾಲು ಇತ್ತು ಗೊತ್ತುಂಟಾ ಇದು? ಕತಾರಿನಿಂದ ಒಬ್ಬ ಶೇಖ್ ಕೇಳಿದ್ದ. ಝುಹೈರ್ ಕೊಡಲಿಲ್ಲ. ನೀನು ಸೋಪು ಹಾಕಿದ್ದಿ!"

"ಬೈಯುವುದಾದ್ರೆ ಆಮೇಲೆ ಬೈಯಿ. ಈಗ ಹಳೇ ಧೂಳು ಎಲ್ಲಿ ಸಿಗ್ತದೆ ಹೇಳು" ಎಂದ ಕೂಸಪ್ಪ.

ನೂರುದ್ದೀನ್ ಗಡ್ಡ ಕೆರೆದುಕೊಂಡ. ಕೊನೆಗೆ ತಗ್ಗಿದ ದನಿಯಲ್ಲಿ, "ನನ್ನ ಅಂಗಡಿಯ ಮೇಲಿನ ಅಟ್ಟದಲ್ಲಿ ಉಂಟು" ಎಂದ. "ಅಪ್ಪ ಹೋದ ಮೇಲೆ ಅಲ್ಲಿ ಯಾರೂ ಕೈ ಇಟ್ಟಿಲ್ಲ. ಇಪ್ಪತ್ತೈದು ವರ್ಷದ ಅಸಲಿ ಮಾಲು."

ಮೂವರೂ ಅಂಗಡಿಗೆ ಓಡಿದರು. ಶುಕ್ರವಾರವಾದ್ದರಿಂದ ಷಟರ್ ಅರ್ಧ ಎಳೆದಿತ್ತು. ಅಟ್ಟದ ಮೇಲೆ ಧೂಳು ಹಾಸಿಗೆಯ ಹಾಗೆ ಮಲಗಿತ್ತು. ಅಖಿಲೇಶ್ ಪೇಂಟ್ ಬ್ರಷ್ಷಿನಲ್ಲಿ ಗುಡಿಸಿ ಗುಡಿಸಿ ಹಾಲಿನ ಡಬ್ಬಿಗೆ ತುಂಬಿಸಿದ. ಒಂದೊಂದು ಡಬ್ಬಿ ತುಂಬಿದಾಗಲೂ ನೂರುದ್ದೀನ್‌ನ ಹೊಟ್ಟೆ ಉರಿಯಿತು. ಧೂಳಿಗೂ ಗಿರಾಕಿ ಉಂಟೆಂದು ಇಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಚಾ ಕೊಡಲು ಬಂದ ಅವನ ಹೆಂಡತಿ ಶಮೀರಾ ಅಟ್ಟವನ್ನು ನೋಡಿ ಬಾಯಿ ಕಳೆದು ನಿಂತಳು.

"ಹದಿನೈದು ವರ್ಷದಿಂದ ಗುಡಿಸಿ ಗುಡಿಸಿ ಅಂತ ನಾನು ಗಂಟಲು ಹರ್ಕೊಂಡೆ. ಕೂಸಪ್ಪಣ್ಣ, ನೀವು ಎಂತ ಹೇಳಿ ಇವರನ್ನು ಒಪ್ಪಿಸಿದ್ರಿ?"

"ದೊಡ್ಡ ಕತೆ ತಂಗಿ" ಎಂದ ಕೂಸಪ್ಪ.

ಜುಮಾಕ್ಕೆ ಹೊತ್ತಾಯಿತೆಂದು ನೂರುದ್ದೀನ್ ಮಸೀದಿಗೆ ಹೋದ. ಆ ಒಂದು ಗಂಟೆ ಉಳಿದಿಬ್ಬರೂ ಜೀಪಿನ ಎಣ್ಣೆಜಿಡ್ಡು ತಿಕ್ಕಿ ತೆಗೆದರು. ಎಣ್ಣೆ ಹೋದ ಮೇಲೆ ಹೊಸ ತಕರಾರು, ಧೂಳು ನಿಲ್ಲುವುದೇ ಇಲ್ಲ. ಆಗ ಕೂಸಪ್ಪನಿಗೆ ಒಂದು ಉಪಾಯ ಹೊಳೆಯಿತು. ಮಜ್ಜಿಗೆ ಕುಡಿದಿಟ್ಟ ಲೋಟ ಒಣಗಿದರೆ ಅದಕ್ಕೆ ಹಿಡಿದ ಪೊರೆಯನ್ನು ಉಗುರು ಹಾಕಿ ಕೆರೆದರೂ ಬಿಡಿಸಲಿಕ್ಕಾಗುವುದಿಲ್ಲ. ಡೇರಿಯಲ್ಲಿ ಮಜ್ಜಿಗೆಗೇನು ಬರ! ಇಲ್ಲಿನವರ ಲಬನ್ ಒಂದು ಲೀಟರು ತಂದು, ನೀರು ಬೆರೆಸಿ, ಬಟ್ಟೆ ಇಸ್ತ್ರಿಯ ಸ್ಪ್ರೇಯಲ್ಲಿ ತೆಳ್ಳಗೆ ಹೊಡೆದರು. ಮೇಲಿನಿಂದ ಹಿಟ್ಟು ಸಾಣಿಸುವ ಜರಡಿಯಲ್ಲಿ ಧೂಳು ಉದುರಿಸಿದರು. ಒಂದೂವರೆಗೆ ನೂರುದ್ದೀನ್ ಬಂದು ನೋಡಿದಾಗ ಜೀಪು ಮತ್ತೆ ಮುದಿಯಾಗಿತ್ತು.

"ಮಾಶಾ ಅಲ್ಲಾಹ್! ನಾನೇ ಖರೀದಿ ಮಾಡ್ತಿದ್ದೆ" ಎಂದ ನೂರುದ್ದೀನ್.

ಉಳಿದದ್ದು ಅಜ್ಜನ ಕೈ. ಪರೀಕ್ಷೆಗೆಂದು ಒಂದು ಹಳೇ ತಗಡಿನ ಮೇಲೆ ಧೂಳು ಹರಡಿ ಮೂವರೂ ಒತ್ತಿ ನೋಡಿದರು. ಅಖಿಲೇಶ್‌ನ ಬೆರಳುಗಳು ಬೆಂಡೆಕಾಯಿಯಷ್ಟೇ ಸಪೂರ. ನೂರುದ್ದೀನ್ ಒತ್ತಿದ್ದು ಬನ್ನಿನ ಹಾಗೆ ಬಂತು, ಅಂಗೈ ಇತ್ತು, ಬೆರಳು ಲೆಕ್ಕಕ್ಕೆ ಸಿಗಲಿಲ್ಲ. ಕೂಸಪ್ಪ ಒತ್ತಿ ಕೈ ತೆಗೆದ. ಅಖಿಲೇಶ್ ಫೋಟೋ ಪಕ್ಕಕ್ಕೆ ಹಿಡಿದ. ಮೂವರೂ ಬಗ್ಗಿದರು. ಅದೇ ಅಗಲ, ಅದೇ ಬೆರಳಿನ ಅಂತರ, ಕಿರುಬೆರಳು ಸ್ವಲ್ಪ ಹೊರಗೆ ಬಾಗಿದ್ದೂ ಅದೇ.

"ಎಂತ ಮಾರಾಯ್ರೆ ಇದು, ನಿಮ್ಮ ಅಜ್ಜ ಅರಬ್ಬಿಯಾ?" ಎಂದ ಅಖಿಲೇಶ್.

"ನನ್ನ ಅಜ್ಜ ಕೋಳಿ ಅಂಕದ ಗದ್ದೆ ಬಿಟ್ಟು ಎಲ್ಲಿಗೂ ಹೋದವರಲ್ಲ" ಎಂದು ಕೂಸಪ್ಪ, ಉಸಿರು ಬಿಗಿಹಿಡಿದು, ಬಾನೆಟ್ಟಿನ ಬಲಗಡೆ ಕೈ ಇಟ್ಟು ಒತ್ತಿ ಮೆಲ್ಲನೆ ಎತ್ತಿದ. ಗುರುತು ಅಚ್ಚು ಹೊಡೆದ ಹಾಗೆ ಬಂತು. ದಾರಿಯಲ್ಲಿ ಬೇಕಾದೀತೆಂದು ಉಳಿದ ಧೂಳನ್ನು ನೂರುದ್ದೀನ್ ಒಂದು ಪೊಟ್ಟಣ ಕಟ್ಟಿ ಅವನ ಜೇಬಿಗೆ ತುರುಕಿದ.

ಮಧ್ಯಾಹ್ನ ಕಳೆದ ಮೇಲಿನ ಅಸರ್ ನಮಾಜು ಮುಗಿಯುವ ಹೊತ್ತಿಗೆ ಲಾರಿ ಮೈದಾನಕ್ಕೆ ಬಂದು ಜೀಪು ಇಳಿಸಿತು. ಅಖಿಲೇಶ್, ನೂರುದ್ದೀನ್ ಇಬ್ಬರೂ ಜೊತೆಗೆ ಬಂದಿದ್ದರು. ಸಾಲಾಗಿ ನಲವತ್ತು ಐವತ್ತು ಗಾಡಿ ನಿಂತಿದ್ದವು. ಒಬ್ಬ ತನ್ನ ಜೀಪಿನ ಬಾಗಿಲಿಗೆ ಹಗ್ಗ ಕಟ್ಟಿದ್ದ, ಇನ್ನೊಬ್ಬ ಟಯರು ಇಲ್ಲದ ಗಾಡಿಯನ್ನು ಕಲ್ಲಿನ ಮೇಲೆ ಕೂರಿಸಿದ್ದ, ಎಲ್ಲರ ಮುಖದಲ್ಲೂ ಹೆಮ್ಮೆಯೋ ಹೆಮ್ಮೆ. ಝುಹೈರ್ ಬಿಳಿ ಥೋಬು ತೊಟ್ಟು ಅತ್ತರು ಪೂಸಿಕೊಂಡು ಕಾಯುತ್ತಿದ್ದ. ಜೀಪಿನ ಸುತ್ತ ನಡೆದ. ಬಾನೆಟ್ಟಿನ ಬಳಿ ನಿಂತ. ಮೂಗು ಅರಳಿಸಿದ.

"ಕೂಸಬ್ಬ, ಏನೋ ವಾಸನೆ."

ಕೂಸಪ್ಪ ಬಾನೆಟ್ಟಿಗೂ ಆ ಮೂಗಿಗೂ ನಡುವೆ ಬಂದು ನಿಂತ. "ಡೇರಿಯಲ್ಲಿ ಎರಡು ದಿನ ಇತ್ತಲ್ಲ ಮುದೀರ್."

"ಹೌದಲ್ಲ" ಎಂದು ಝುಹೈರ್ ಗುರುತಿನ ಕಡೆ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡ. "ನನ್ನ ಹನ್ನೊಂದು ಗಾಡಿ ಒಂದು ಕಡೆ, ಈ ಕೈ ಒಂದು ಕಡೆ. ನೀನು ಜೋಪಾನವಾಗಿ ತಂದೆ. ನಾನು ಮಾತಿಗೆ ತಪ್ಪುವವನಲ್ಲ." ಎಂದವನೇ ಜೇಬಿನಿಂದ ಫೋನು ತೆಗೆದ. ಆ್ಯಪು ತೆರೆದ. ಕೂಸಪ್ಪನ ಹೆಸರು ಹುಡುಕಿದ. ಕೂಸಪ್ಪ ಕತ್ತು ಉದ್ದ ಮಾಡಿ ನೋಡಿದ, ತನ್ನ ಫೋಟೋ, ತನ್ನ ಇಕಾಮಾ ಕಾರ್ಡಿನ ನಂಬರು, ಕೆಳಗೆ ಒತ್ತಬೇಕಾದ ಹಸಿರು ಗುಂಡಿ. ಹೆಬ್ಬೆರಳು ಇಳಿಯತೊಡಗಿತು. ಅವನಿಗೆ ವಿಟ್ಲದ ಮನೆಯ ಹೊಸಿಲು ಕಂಡಿತು.

ಆಗ ಅಬೂ ಲುಜೈನ್ ಬಂದರು. ಆ ಶೋದ ಮುಖ್ಯ ತೀರ್ಪುಗಾರರು, ಎಂಬತ್ತು ದಾಟಿದ ಮುದುಕರು, ಝುಹೈರ್‌ನ ಅಜ್ಜನ ಜೊತೆ ಇದೇ ಜೀಪಿನಲ್ಲಿ ಮರಳುಗಾಡು ಸುತ್ತಿದವರು. ಕೋಲೂರಿಕೊಂಡು ಬಂದು ಬಾನೆಟ್ಟಿಗೆ ಮೂಗು ತಾಗಿಸುವಷ್ಟು ಹತ್ತಿರ ಬಗ್ಗಿದರು. ಝುಹೈರ್ ಹೆಬ್ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಅವರನ್ನು ನೋಡಿದ.

"ಲಬನ್ ವಾಸನೆ!" ಎಂದರು ಮುದುಕರು, ಕಣ್ಣಲ್ಲಿ ನೀರು. "ಅವನು ಯಾವಾಗಲೂ ಸೀಟಿನ ಪಕ್ಕ ಲಬನ್ ಮಡಕೆ ಇಟ್ಟುಕೊಳ್ಳುತ್ತಿದ್ದ. ಮೂವತ್ತೆರಡು ವರ್ಷವಾದರೂ ಹೋಗಿಲ್ಲ. ಇದು ಅವನದೇ ಕೈ. ಓ ನನ್ನ ಗೆಳೆಯಾ!" ಎಂದು ಅವರು ಗೆಳೆಯನ ಕೈಯನ್ನು ಹಿಡಿದುಕೊಳ್ಳುವವರ ಹಾಗೆ ತಮ್ಮ ಅಂಗೈಯನ್ನು ಆ ಗುರುತಿನ ಮೇಲಿಟ್ಟು ಪ್ರೀತಿಯಿಂದ ಮೂರು ಸಲ ಸವರಿದರು.

ಕೈ ತೆಗೆದಾಗ ಅಲ್ಲಿ ಆಕಾಶದ ಬಣ್ಣ ಇತ್ತು.

ಮುದುಕರಿಗೆ ತಾವೇನು ಮಾಡಿದೆವೆಂದು ತಿಳಿದು ಕೋಲು ಜಾರಿತು. ನಾಲ್ಕು ಜನ ಹಿಡಿದು ಅವರನ್ನು ಡೇರೆಗೆ ಒಯ್ದು ನೀರು ಕುಡಿಸಿದರು. ಗುಂಪೆಲ್ಲ ಅವರ ಹಿಂದೆ ಹೋಯಿತು. ನೂರುದ್ದೀನ್, ಅಖಿಲೇಶ್ ದೂರದಿಂದ ಕೂಸಪ್ಪನಿಗೆ ಹೆಬ್ಬೆಟ್ಟು ಎತ್ತಿ ತೋರಿಸಿದರು. ಯಾಕೆಂದರೆ ಪಾಪವೆಲ್ಲ ಈಗ ಮುದುಕರ ತಲೆಗೆ ಹೋಗಿತ್ತು, ಕೂಸಪ್ಪ ಗಂಗೆಯಲ್ಲಿ ಮಿಂದವನಷ್ಟು ಶುದ್ಧ. ಸುಮ್ಮನೆ ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು.

ಆದರೆ ಝುಹೈರ್ ಜೀಪಿನ ಹಿಂದೆ ಮರಳಿನಲ್ಲಿ ಕೂತುಬಿಟ್ಟಿದ್ದ. ಫೋನು ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ತಲೆಗೆ ಹೊದ್ದ ಗುತ್ರಾದ ಅಂಚಿನಿಂದ ಮುಖ ಮುಚ್ಚಿಕೊಂಡು ಅಷ್ಟು ದೊಡ್ಡ ಮನುಷ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಮುದೀರ್" ಎಂದ ಕೂಸಪ್ಪ. "ಅದು... ಆ ಗುಂಡಿ..."

"ಗುಂಡಿ ಯಾರಿಗೆ ಬೇಕು ಕೂಸಬ್ಬ! ಅಜ್ಜ ಇವತ್ತು ಎರಡನೇ ಸಲ ತೀರಿಕೊಂಡ. ಇನ್ನು ತಿಂಗಳುಗಟ್ಟಲೆ ನನ್ನನ್ನು ಯಾರೂ ಮಾತಾಡಿಸಬೇಡಿ."

ತಿಂಗಳುಗಟ್ಟಲೆ! ಸೋಮವಾರಕ್ಕೆ ಉಳಿದದ್ದು ಮೂರು ದಿನ. ಈ ಅಳು ನಿಲ್ಲದೆ ಹೆಬ್ಬೆರಳು ಏಳುವುದಿಲ್ಲ. ಅದರ ಮೇಲೆ, ಸುಳ್ಳೇಕೆ ಹೇಳಬೇಕು, ಅಷ್ಟು ಒಳ್ಳೆಯ ಮನುಷ್ಯ ಅಳುವುದನ್ನು ಕೂಸಪ್ಪನಿಂದ ನೋಡಲಿಕ್ಕೂ ಆಗಲಿಲ್ಲ. ಮಗ್ಗಿ ತಪ್ಪಿದ ಮಗುವನ್ನು ಸಮಾಧಾನ ಮಾಡುವವನ ಹಾಗೆ ಅವನು ಹೇಳಿದ:

"ಅಳಬೇಡಿ ಮುದೀರ್, ಅದಕ್ಕೆಂತ, ಐದು ನಿಮಿಷದ ಕೆಲಸ."

ಜೇಬಿನ ಪೊಟ್ಟಣ ಬಿಚ್ಚಿದ. ಯಾರೋ ಬಿಟ್ಟುಹೋಗಿದ್ದ ಲಬನ್ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿ, ಧೂಳು ಉದುರಿಸಿ, ಉಫ್ ಎಂದು ಊದಿ, ಕೈ ಇಟ್ಟು ಒತ್ತಿ ಎತ್ತಿದ. ಅಜ್ಜ ಬಂದುಬಿಟ್ಟ. ಐದೂ ಬೆರಳು, ಕಿರುಬೆರಳು ಸ್ವಲ್ಪ ಹೊರಗೆ.

ಝುಹೈರ್ ಎದ್ದು ಬಂದ. ಗುರುತನ್ನು ನೋಡಿದ. ಫೋನು ಎತ್ತಿಕೊಂಡು ಫೋಟೋ ನೋಡಿದ. ಆಮೇಲೆ ಕೂಸಪ್ಪನ ಧೂಳು ಹಿಡಿದ ಕೈಯನ್ನು ನೋಡಿದ. ಕೂಸಪ್ಪನಿಗೆ ತಾನು ಮಾಡಿದ್ದೇನೆಂದು ಆಗ ತಲೆಗೆ ಹೋಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಕೆಟ್ಟಿನಿಂದ ಹಿಡಿದು ಹಸುವಿನವರೆಗೆ, ಹಸುವಿನಿಂದ ಅಟ್ಟದವರೆಗೆ ಎಲ್ಲ ಒದರಿದ. ಒದರುತ್ತಿರುವಾಗಲೇ ಅವನಿಗೆ ಒಂದು ಆಸೆಯೂ ಹುಟ್ಟಿತು, ಸಿಟ್ಟು ಬಂದರೆ ಕೆಲಸದಿಂದ ತೆಗೆದು ಊರಿಗಾದರೂ ಅಟ್ಟಿಯಾನು.

"ನಾನು ಕಳ್ಳ, ಮುದೀರ್! ಸುಳ್ಳುಗಾರ! ನನ್ನಂಥವನನ್ನು ಇಲ್ಲಿ ಇಟ್ಟುಕೊಳ್ಳಲೇಬಾರದು. ಇವತ್ತೇ ಕಳಿಸಿಬಿಡಿ!"

ಝುಹೈರ್ ಫೋನಿನ ಫೋಟೋವನ್ನೂ ಆ ಕೈಯನ್ನೂ ಇನ್ನೊಮ್ಮೆ ಹೋಲಿಸಿ ನೋಡಿದ. ಆಮೇಲೆ ಕೂಸಪ್ಪನ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಆ ಮುರುಕು ಹಾರನ್ನಿಗೆ ಕೊಟ್ಟ ಹಾಗೇ ಒಂದು ಮುತ್ತು ಕೊಟ್ಟ.

"ಅಜ್ಜನ ಒಂದು ಗುರುತು ಇತ್ತು, ಗಾಳಿ ಬಂದರೆ ಹೋದೀತೆಂದು ನಾಲ್ಕು ವರ್ಷ ನಿದ್ದೆ ಮಾಡಿಲ್ಲ ನಾನು. ಈಗ ನನ್ನ ಹತ್ತಿರ ಕೈಯೇ ಇದೆ" ಎಂದ, ಮುಖ ಹೂವಿನ ಹಾಗೆ ಅರಳಿಸಿ. "ಮುಂದಿನ ವಾರ ತಬೂಕ್‌ನಲ್ಲಿ ಶೋ. ಅದರ ಮುಂದಿನ ವಾರ ಅಲ್ ಅಹ್ಸಾ. ಎಲ್ಲ ಕಡೆ ಜನ ಮುಟ್ಟುತ್ತಾರೆ. ಮುಟ್ಟಲಿ! ನೀನು ಇದ್ದೀಯಲ್ಲ." ಎಂದವನೇ ಫೋನನ್ನು ಜೇಬಿನ ಆಳಕ್ಕೆ ಇಳಿಸಿದ.

"ಮುದೀರ್, ಸೋಮವಾರ ಮನೆ ಒಕ್ಕಲು. ಯಜಮಾನ ಬಲಗಾಲಿಟ್ಟು ಒಳಗೆ ಹೋಗ್ಬೇಕು..."

"ಅಲ್ಲಿ ಬೇಕಾದದ್ದು ಕಾಲು. ನನಗೆ ಬೇಕಾದದ್ದು ಕೈ" ಎಂದ ಝುಹೈರ್ ಬಹಳ ಯೋಚಿಸಿ. "ಎರಡನ್ನೂ ಬೇರೆ ಮಾಡಿ ಕಳಿಸುವ ಹಾಗಿದ್ದರೆ ಖಂಡಿತ ಕಳಿಸುತ್ತಿದ್ದೆ, ವಲ್ಲಾಹಿ." ಆಮೇಲೆ ಗಾಬರಿಯಿಂದ, "ಇವತ್ತಿನಿಂದ ನೀನು ಬಿಸಿನೀರು ಮುಟ್ಟಬೇಡ, ಚರ್ಮ ಸುಕ್ಕಾದೀತು. ಭಾರ ಎತ್ತಬೇಡ. ನೂರುದ್ದೀನ್, ಒಂದು ಒಳ್ಳೆಯ ಗ್ಲೌಸು ಇದ್ದರೆ ತಾ!" ಎಂದು ಕೂಗಿದ.

ಹಿಂದಿರುಗುವ ಲಾರಿಯಲ್ಲಿ ಕೂಸಪ್ಪ ಬಲಗೈಗೆ ಚರ್ಮದ ಗ್ಲೌಸು ತೊಟ್ಟು ಕೂತಿರುವಾಗ ಪುಷ್ಪಾವತಿಯ ವಿಡಿಯೋ ಕಾಲ್ ಬಂತು. ಎಡಗೈಯಲ್ಲಿ ಎತ್ತಿದ. ಅವಳ ಹಿಂದೆ ಮಾವಿನ ತೋರಣ ಕಟ್ಟುತ್ತಿದ್ದರು.

"ಸಿಕ್ಕಿತಾ ರಜೆ?"

ಕೂಸಪ್ಪ ಮೊದಲಿನಿಂದ ಕೊನೆಯವರೆಗೆ ಹೇಳಿದ. ಅವಳು ತೋರಣ ಕಟ್ಟುವವರನ್ನು ಕೈಸನ್ನೆಯಲ್ಲೇ ಆಚೆ ಕಳಿಸಿದಳು. ಎಲ್ಲ ಮುಗಿದ ಮೇಲೆ ಕೇಳಿದಳು:

"ಆ ಜೀಪು ತೊಳೀಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾನೇ..."

"ನೀವೇ!" ಎಂದಳು ಪುಷ್ಪಾವತಿ. "ಮದುವೆಯಾಗಿ ಇಪ್ಪತ್ತೆರಡು ವರ್ಷ. ಊರಿಗೆ ಬಂದಾಗೆಲ್ಲ ಒಂದು ದಿನ, ಒಂದೇ ಒಂದು ದಿನ, ಕುಡಿದಿಟ್ಟ ಲೋಟ ತೊಳೆದದ್ದುಂಟಾ ನೀವು?"

ಕೂಸಪ್ಪ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ನೋಡಿದ. ಅವನಿಗೆ ಒಂದು ಲೋಟವೂ ನೆನಪಾಗುವ ಮೊದಲೇ ಅವಳು ಫೋನು ಇಟ್ಟಳು.